ಹೆರಾಲ್ಡಿಗೆ ಪಾಟೀಸವಾಲು

ಮೋಟಾರು ಗಾಡಿಯ ಅಂಗಾಂಗಗಳಲ್ಲಿ ಕ್ಲಚ್ಚಿನಷ್ಟು ಅನ್ಯಾಯವಾಗಿ ಅಪವಾದವನ್ನು ಹೊರುವುದು ಮತ್ತೊಂದಿಲ್ಲವೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಗಾಡಿ ಏರಿನಲ್ಲಿ ಏದುಸಿರು ಬಿಟ್ಟರೂ ಕ್ಲಚ್ಚು, ಗೇರು ಬೀಳುವಾಗ ಹಲ್ಲು ಕಡಿದರೂ ಕ್ಲಚ್ಚು, ಹೊರಡುವಾಗ ಮೈ ಜಾಡಿಸಿದರೂ ಕ್ಲಚ್ಚು. “ಕ್ಲಚ್ ಹೋಗಿದೆ ಸಾರ್” ಎಂಬ ತೀರ್ಪನ್ನು ಒಮ್ಮೆಯಾದರೂ ತಲೆಬಾಗಿ ಕೇಳದ ಹಳೆಯ ಗಾಡಿಯ ಯಜಮಾನನು ಈ ನಾಡಿನಲ್ಲಿ ದೊರೆಯುವುದು ದುರ್ಲಭ. ವಿನೋದವೆಂದರೆ, ಕ್ಲಚ್ಚಿಗೆ ಬರುವ ಮುಖ್ಯ ವ್ಯಾಧಿಗಳು ಎರಡೇ, ಮತ್ತು ಅವೆರಡೂ ಒಂದಕ್ಕೊಂದು ತೀರ ವಿರುದ್ಧವಾದವು: ಹಿಡಿಯಬೇಕಾದಾಗ ಹಿಡಿಯದಿರುವುದೊಂದು, ಬಿಡಬೇಕಾದಾಗ ಬಿಡದಿರುವುದೊಂದು. ಮೊದಲನೆಯದರಲ್ಲಿ ಪ್ಲೇಟು ಸವೆದಿರುವ ಸಂಭವವುಂಟು. ಎರಡನೆಯದಕ್ಕೆ ಪ್ಲೇಟಿನ ಸಂಬಂಧವೇ ಇಲ್ಲದಿರಬಹುದು. ಆದರೂ ನಮ್ಮ ಗ್ಯಾರೇಜುಗಳಲ್ಲಿ ಎರಡಕ್ಕೂ ಒಂದೇ ತೀರ್ಪು, ಎರಡಕ್ಕೂ ಒಂದೇ ದಂಡ: ಪ್ಲೇಟು ಬದಲಿಸಲೆಂದು ಗೇರ್ ಬಾಕ್ಸ್ ಇಳಿಸುವುದು.

ನನ್ನ ತಂದೆಯವರು ಹಾಸನದಲ್ಲಿ ವಕೀಲರಾಗಿದ್ದರು. ಕಕ್ಷಿಗಾರನ ಅಹವಾಲನ್ನು ಪೂರ್ತಿ ಕೇಳದೆ ಅಭಿಪ್ರಾಯ ಕೊಡುವುದು ಅವರ ಸ್ವಭಾವಕ್ಕೆ ಒಗ್ಗದ ಸಂಗತಿ. ಅವರಲ್ಲಿ ಇದ್ದುದು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಎಂಬ ಹೆಸರಿನಿಂದ ಹೊರಟ ಈ ಗಾಡಿ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರು ಹೊತ್ತು ತಯಾರಾಗತೊಡಗಿತು. 948 ಸಿ.ಸಿ.ಯ ಸಣ್ಣ ಎಂಜಿನ್ನು. ಇಟಲಿಯ ಟ್ಯೂರಿನ್ ನಗರದ ಮಿಕೆಲೊಟ್ಟಿ ಎಂಬ ವಿನ್ಯಾಸಕನು ಗೆರೆ ಎಳೆದ ಚೂಪಾದ ಮೈಕಟ್ಟು. ಸಂತೆಪೇಟೆಯ ಓಣಿಯಲ್ಲಿ ಕೂಡ ಒಂದೇ ಸಲಕ್ಕೆ ತಿರುಗಿಬಿಡುವ ಚಕ್ರಗಳು. ಆ ಕಾಲಕ್ಕೆ ಬೇರೆ ಕಂಪನಿಗಳವರು ಬಹುಮಟ್ಟಿಗೆ ಚಾಸಿಯನ್ನು ಕೈಬಿಟ್ಟು ಇಡೀ ಮೈಯನ್ನು ಒಂದೇ ತುಂಡಾಗಿ ಬೆಸೆಯುತ್ತಿದ್ದರೆ, ಇದನ್ನು ಮಾತ್ರ ಹಳೆಯ ಪದ್ಧತಿಯಂತೆ ಬೇರೆಯೇ ಚಾಸಿಯ ಮೇಲೆ ಬಿಡಿಬಿಡಿ ಭಾಗಗಳನ್ನು ಬೋಲ್ಟು ಹಾಕಿ ಕೂರಿಸಿದ್ದರು. ಅದಕ್ಕೆ ಕಾರಣ ಸಿದ್ಧಾಂತವಲ್ಲ, ನಿರುಪಾಯ. ಕಂಪನಿಗೆ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೊ ಎಂಬ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬಿ.ಎಂ.ಸಿ.ಯವರು ಕೊಂಡುಬಿಟ್ಟಿದ್ದರು. ಆ ನಿರುಪಾಯವೇ ಮೆಕ್ಯಾನಿಕ್ಕುಗಳಿಗೆ ವರವಾಗಿ ಪರಿಣಮಿಸಿತು. ಬಾನೆಟ್ಟು, ಎರಡು ಮಡ್‌ಗಾರ್ಡುಗಳು, ಹೆಡ್‌ಲೈಟುಗಳು ಎಲ್ಲವೂ ಒಂದಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿದ್ದುದರಿಂದ, ಮುಂದಿನ ಟೈರಿನ ಮೇಲೆ ಜಗಲಿಯ ಮೇಲೆ ಕುಳಿತಷ್ಟೇ ನಿರಾಳವಾಗಿ ಕುಳಿತು ಎಂಜಿನ್ನಿನ ಕೆಲಸ ಮಾಡಬಹುದಾಗಿತ್ತು. ಗೇರ್ ಬಾಕ್ಸನ್ನಂತೂ ಗಾಡಿಯ ಅಡಿಗೆ ಹೋಗದೆ, ಮುಂದಿನ ಸೀಟುಗಳನ್ನೂ ನಡುವಣ ಹೊದಿಕೆಯನ್ನೂ ತೆಗೆದು ಒಳಗಿನಿಂದಲೇ ಎತ್ತಿಕೊಳ್ಳಬಹುದಾಗಿತ್ತು. ಎತ್ತುವುದು ಸುಲಭವಾದದ್ದರಿಂದಲೇ ಅನವಶ್ಯಕವಾಗಿ ಎತ್ತುವ ಚಪಲವೂ ಹೆಚ್ಚಾಯಿತೆಂದು ನನಗೆ ಅನೇಕ ವೇಳೆ ಅನ್ನಿಸಿದೆ.

ಚಲಿಸುವ ಎಂಜಿನ್ನನ್ನೂ ನಿಂತ ಗಾಡಿಯನ್ನೂ ಕೂಡಿಸುವ, ಬೇಕಾದಾಗ ಅಗಲಿಸುವ ಈ ಸಾಧನಕ್ಕೆ ಒಂದು ದೀರ್ಘವಾದ ಪೂರ್ವಚರಿತ್ರೆಯಿದೆ. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ನ ಮೂರು ಚಕ್ರದ ಗಾಡಿಯಲ್ಲಿ ಕ್ಲಚ್ಚೆಂಬುದೇ ಇರಲಿಲ್ಲ; ಸಡಿಲವಾಗಿ ತಿರುಗುವ ಒಂದು ಗಾಲಿಯಿಂದ ಬಿಗಿಯಾಗಿ ಕೂತ ಇನ್ನೊಂದು ಗಾಲಿಗೆ ಚರ್ಮದ ಬೆಲ್ಟನ್ನು ಸರಿಸಿದರೆ ಗಾಡಿ ಹೊರಡುತ್ತಿತ್ತು. ಅನಂತರ ಬಂದದ್ದು ಶಂಕುವಿನಾಕಾರದ ಕ್ಲಚ್ಚು. ಅದರ ಮೈಗೆ ಚರ್ಮವನ್ನು ಹೊದಿಸಿ ಫ್ಲೈವೀಲಿನ ಒಳಬಾಯಿಗೆ ಒತ್ತುತ್ತಿದ್ದರು. ಚರ್ಮ ಒಣಗಿ ಗಡುಸಾದರೆ ಗಾಡಿ ಕುಪ್ಪಳಿಸಿ ಹೊರಡುವುದು; ಆಗ ಹರಳೆಣ್ಣೆ ಸವರಬೇಕು. ಎಣ್ಣೆ ಹೆಚ್ಚಾದರೆ ಜಾರುವುದು. ಆಗ ಮುಲ್ತಾನಿ ಮಣ್ಣಿನ ಪುಡಿ ಉದುರಿಸಬೇಕು. ನಮ್ಮ ಹೆಣ್ಣುಮಕ್ಕಳು ಮುಖದ ಕಾಂತಿಗಾಗಿ ಲೇಪಿಸಿಕೊಳ್ಳುವ ವಸ್ತುವನ್ನು ಪಶ್ಚಿಮದ ಸಿರಿವಂತರ ಡ್ರೈವರುಗಳು ದಾರಿಯ ಬದಿಯಲ್ಲಿ ಮಂಡಿಯೂರಿ ಕ್ಲಚ್ಚಿಗೆ ಪೂಸುತ್ತಿದ್ದ ದೃಶ್ಯವನ್ನು ನೆನೆದರೆ ಆ ಕಾಲದ ವೈಭವದ ಮೇಲೆ ಸ್ವಲ್ಪ ಕನಿಕರವೇ ಹುಟ್ಟುತ್ತದೆ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ರೈತರು ಇಳಿಜಾರಿನಲ್ಲಿ ಬಂಡಿಯ ಚಕ್ರಕ್ಕೆ ಹಳೆಯ ಬೂಟ್ಸನ್ನು ಒತ್ತಿ ತಡೆಯುತ್ತಿದ್ದುದನ್ನು ಕಂಡು, ಇದಕ್ಕಿಂತ ಉತ್ತಮವಾದುದನ್ನು ಮಾಡಬಹುದೆಂದು 1897ರಲ್ಲಿ ಕೆಲಸಕ್ಕೆ ತೊಡಗಿದ ಹರ್ಬರ್ಟ್ ಫ್ರೂಡ್ ಎಂಬಾತನು ಫೆರೋಡೊ ಕಂಪನಿಯ ಮೂಲಪುರುಷ. ಅವನ ಕೈಯಿಂದ ಕಲ್ನಾರು ನೇಯ್ದ ಲೈನಿಂಗು ಕ್ಲಚ್ಚಿಗೂ ಬಂದಮೇಲೆ ಚರ್ಮದ ಯುಗ ಮುಗಿಯಿತು. ಅಮೆರಿಕದ ಬೋರ್ಗ್ ಅಂಡ್ ಬೆಕ್ ಕಂಪನಿಯವರು ಬಳಕೆಗೆ ತಂದ ಒಂದೇ ಪ್ಲೇಟಿನ ಒಣ ಕ್ಲಚ್ಚು ಜಗತ್ತನ್ನೆಲ್ಲ ಆಕ್ರಮಿಸಿತು. ಆ ಕಲ್ನಾರಿನ ದೂಳು ಶ್ವಾಸಕೋಶಕ್ಕೆ ವಿಷವೆಂಬುದನ್ನು ಅರಿಯದೆ ಪ್ಲೇಟನ್ನು ಬಾಯಿಂದ ಊದಿ ಶುಚಿಮಾಡುತ್ತಿದ್ದ ಒಂದು ತಲೆಮಾರಿನ ಮೇಸ್ತ್ರಿಗಳು ಅದರ ಬೆಲೆ ತೆತ್ತರು ಎಂಬುದನ್ನು ಇಲ್ಲಿ ಹೇಳದಿರಲಾರೆ.

ಹೆರಾಲ್ಡಿನಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಇದ್ದುದು ತಂತಿಯಲ್ಲ, ಎಣ್ಣೆ. ಪೆಡಲನ್ನು ಒತ್ತಿದರೆ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಸಪೂರವಾದ ಕೊಳವೆಯಲ್ಲಿ ಹರಿದು ಗೇರ್ ಬಾಕ್ಸಿನ ಮಗ್ಗುಲಲ್ಲಿರುವ ಸ್ಲೇವ್ ಸಿಲಿಂಡರನ್ನು ನೂಕುವುದು. ಅದು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗು ಪ್ರೆಷರ್ ಪ್ಲೇಟನ್ನು. ಇಷ್ಟು ಜನ ಮಧ್ಯಸ್ಥರಿರುವ ವ್ಯವಹಾರದಲ್ಲಿ ಕೊನೆಯವನೊಬ್ಬನನ್ನೇ ಹಿಡಿದು ಶಿಕ್ಷಿಸುವುದು ನ್ಯಾಯವೆನಿಸದು.

ಒಂದು ಬೇಸಿಗೆಯ ರಜೆಯಲ್ಲಿ ಧರ್ಮಸ್ಥಳದ ಯಾತ್ರೆ ಮುಗಿಸಿ ನಾವು ಚಾರ್ಮಾಡಿ ಘಾಟಿಯನ್ನು ಹತ್ತಿ ಬರುತ್ತಿದ್ದೆವು. ಘಾಟಿಯ ತಿರುವುಗಳಲ್ಲಿ ಮೊದಲನೆಯ ಗೇರಿಗೂ ಎರಡನೆಯದಕ್ಕೂ ನಡುವೆ ತಂದೆಯವರ ಎಡಗಾಲಿಗೆ ಬಿಡುವಿರಲಿಲ್ಲ; ಮೊದಲನೆಯ ಗೇರಿಗೆ, ಗಾಲಿಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಷ್ ಇಲ್ಲದ ಗಾಡಿಯಾದ್ದರಿಂದ ಅವರು ಡಬಲ್ ಕ್ಲಚ್ ಮಾಡಿ, ನಡುವೆ ಎಕ್ಸಿಲರೇಟರನ್ನು ಒಂದಿಷ್ಟು ಒದ್ದು, ಸದ್ದಿಲ್ಲದೆ ಗೇರು ಬೀಳಿಸಿ, ಪಕ್ಕದಲ್ಲಿ ಕುಳಿತ ನಮ್ಮ ತಾಯಿಯ ಮುಖವನ್ನು ಪ್ರಶಂಸೆಗಾಗಿ ನೋಡುವರು. ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿಂದು ಹೊರಡುವ ಹೊತ್ತಿಗೆ ಪೆಡಲು ನೆಲಕ್ಕೆ ಹತ್ತಿ ಅಲ್ಲಿಯೇ ಮಲಗಿತು. ತಂದೆಯವರು ಗಾಬರಿಗೊಳ್ಳಲಿಲ್ಲ. ಎಂಜಿನ್ನನ್ನು ನಿಲ್ಲಿಸಿ, ಮೊದಲನೆಯ ಗೇರಿಗೆ ಹಾಕಿ, ಸ್ಟಾರ್ಟರನ್ನು ತಿರುಗಿಸಿದರು; ಗಾಡಿ ಸ್ಟಾರ್ಟರಿನ ಬಲದಿಂದಲೇ ಮುಂದಕ್ಕೆ ತೆವಳಿ, ಎಂಜಿನ್ನು ಹಿಡಿದುಕೊಂಡು, ಹೊರಟೇಬಿಟ್ಟಿತು. ಆಮೇಲೆ ಎಂಜಿನ್ನಿನ ವೇಗವನ್ನು ಕಿವಿಯಲ್ಲೇ ಅಳೆದು ಕ್ಲಚ್ಚಿಲ್ಲದೆ ಗೇರು ಬದಲಾಯಿಸುತ್ತ ಮೂಡಿಗೆರೆ, ಬೇಲೂರುಗಳನ್ನು ದಾಟಿ ಹಾಸನ ಸೇರಿದೆವು. ದನಗಳು ಅಡ್ಡ ಬಂದಾಗಲೆಲ್ಲ ಎಂಜಿನ್ನು ನಿಲ್ಲಿಸಿ ಮತ್ತೆ ಅದೇ ವಿಧಿಯಿಂದ ಹೊರಡಬೇಕು. ದಾರಿಯುದ್ದಕ್ಕೂ ದನಗಳಿಗೇನೂ ಕೊರತೆಯಿರಲಿಲ್ಲ.

ಮೊದಲು ಹೋದ ಗ್ಯಾರೇಜಿನವರು ಬಾನೆಟ್ಟನ್ನೂ ಎತ್ತದೆ, ಕಿಟಕಿಯೊಳಗೆ ಕೈ ಹಾಕಿ ಪೆಡಲನ್ನು ಮುಟ್ಟಿ ನೋಡಿ, “ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹಾಕಿಬಿಡಿ” ಎಂದರು. ವಿಚಾರಣೆಯಿಲ್ಲದ ಈ ತೀರ್ಪಿನಿಂದ ತಂದೆಯವರು ಖಿನ್ನರಾಗಿ, ಸಾಲಗಾಮೆ ರಸ್ತೆಯ ಕಡೆ ಒಂದು ಮರದಡಿಯಲ್ಲಿ ಕೆಲಸ ಮಾಡುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬರಲ್ಲಿಗೆ ಗಾಡಿಯನ್ನು ಕೊಂಡೊಯ್ದರು.

ಆ ಮೇಸ್ತ್ರಿಗಳು ಮೊದಲು ಮುಟ್ಟಿದ್ದು ಗಾಡಿಯನ್ನಲ್ಲ, ತಂದೆಯವರನ್ನು. “ವಕೀಲರೇ, ಒಂದೇ ಸಲಕ್ಕೆ ಹೋಯಿತೋ, ನಾಲ್ಕು ದಿನದಿಂದ ಮೆತ್ತಗಾಗುತ್ತಿತ್ತೋ? ಎರಡು ಸಲ ಒತ್ತಿದರೆ ಗಟ್ಟಿಯಾಗುತ್ತಿತ್ತೋ? ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಹಿಂದೆ ಬೀಳುತ್ತಿತ್ತೋ? ಸುಟ್ಟ ವಾಸನೆ ಬಂತೋ?” ಕೋರ್ಟಿನಲ್ಲಿ ಇತರರಿಗೆ ಪಾಟೀಸವಾಲು ಹಾಕಿ ಬೆವರಿಳಿಸುತ್ತಿದ್ದ ತಂದೆಯವರು ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ ವಿನೀತರಾಗಿ ಉತ್ತರ ಕೊಟ್ಟರು. ಘಾಟಿಯಲ್ಲಿ ಗಾಡಿ ಜಾರಲಿಲ್ಲ, ವಾಸನೆ ಬರಲಿಲ್ಲ. ಕೆಲವು ದಿನಗಳಿಂದ ರಿವರ್ಸ್ ಹಾಕುವಾಗ ಮಾತ್ರ ಕರ್ರೆನ್ನುತ್ತಿತ್ತು. “ಹಾಗಾದರೆ ಹಿಡಿಯುವುದಕ್ಕೆ ತೊಂದರೆಯಿಲ್ಲ, ಬಿಡುವುದಕ್ಕೆ ತೊಂದರೆ” ಎಂದು ಅವರು ಬಾನೆಟ್ಟನ್ನು ಮಗುಚಿ, ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದು, ಬೆರಳಿನಿಂದ ಎಣ್ಣೆಯನ್ನು ಮುಟ್ಟಿ ಮೂಸಿ ನೋಡಿದರು. ಯಾರಾದರೂ ಬ್ರೇಕ್ ಆಯಿಲಿನ ಬದಲು ಎಂಜಿನ್ ಆಯಿಲನ್ನು ಸುರಿದಿದ್ದರೆ ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆಂದು ಅವರು ವಿವರಿಸಿದ್ದು ನನಗೆ ಇಂದಿಗೂ ಉಪಯೋಗಕ್ಕೆ ಬಂದಿದೆ. ವಾಸನೆ ಸರಿಯಾಗಿತ್ತು, ಎಣ್ಣೆ ಮಾತ್ರ ತಳ ಕಂಡಿತ್ತು. ಸ್ಲೇವ್ ಸಿಲಿಂಡರಿನ ತುದಿಯ ರಬ್ಬರ್ ಟೊಪ್ಪಿಯನ್ನು ಸರಿಸಿದಾಗ ಕರಿಯ ದ್ರವ ಅವರ ಅಂಗೈಗೆ ಸುರಿಯಿತು. ಒಳಗಿನ ವಾಷರು ಸವೆದು ಹೋಗಿತ್ತು. ಅಲ್ಪ ಬೆಲೆಯ ಪದಾರ್ಥ.

ಹೊಸ ವಾಷರ್ ಕಿಟ್ ಹಾಕಿದಮೇಲೆ ಏರ್ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸೀಟಿನ ಅಂಚಿಗೆ ಜಾರಿ ಕುಳಿತು, ಸ್ಟಿಯರಿಂಗನ್ನು ಎರಡು ಕೈಗಳಿಂದ ತಬ್ಬಿಕೊಂಡು, ಕೆಳಗಿನಿಂದ “ಒತ್ತು ಮರಿ” ಎಂಬ ಧ್ವನಿ ಬಂದಾಗ ಒತ್ತುವುದು, “ಬಿಡು” ಎಂದಾಗ ಬಿಡುವುದು. ಸೀಸೆಯಲ್ಲಿ ಅದ್ದಿದ ನಳಿಗೆಯ ತುದಿಯಿಂದ ಮೊದಮೊದಲು ಗುಳುಗುಳು ಗುಳ್ಳೆಗಳು ಬಂದವು, ಆಮೇಲೆ ಬಿಡಿಬಿಡಿಯಾಗಿ ಬಂದವು, ಕೊನೆಗೆ ಬರಿಯ ಎಣ್ಣೆ. ಪೆಡಲು ಕಾಲನ್ನು ಎದುರಿಸತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಬಿಲ್ಲು ಬರೆಯುತ್ತಿದ್ದರು. ಮೇಸ್ತ್ರಿಗಳು ಗಾಡಿಯನ್ನು ಸ್ಟಾರ್ಟು ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರು. ಎಂಜಿನ್ನು ಒಡನೆಯೇ ಗಕ್ಕನೆ ನಿಂತಿತು. ಪ್ಲೇಟು ಸವೆದಿದ್ದರೆ ಎಂಜಿನ್ನು ನಿಲ್ಲದೆ ತಿರುಗುತ್ತಲೇ ಇರುತ್ತಿತ್ತು. ಆದಕಾರಣ ಪ್ಲೇಟು ನಿರ್ದೋಷಿ. ಮತ್ತೆ ಸ್ಟಾರ್ಟು ಮಾಡಿ, ಪೆಡಲನ್ನು ಪೂರ್ತಿ ಒತ್ತಿ, ಒಳಗಿನ ಗಾಲಿಗಳು ನಿಶ್ಚಲವಾಗುವಷ್ಟು ಹೊತ್ತು ಕಾದು, ರಿವರ್ಸಿಗೆ ಹಾಕಿದರು. ಕರ್ರೆಂದಿತು. ಮೊದಲಿನಷ್ಟು ಅಲ್ಲ, ಆದರೂ ಕರ್ರೆಂದಿತು. ಪೆಡಲನ್ನು ಒತ್ತಿದಾಗ ಬೇರಿಂಗು ಕಿರುಗುಟ್ಟುವುದೇ ಎಂದು ಆಲಿಸಿದರು, ಇಲ್ಲ. ಪೆಡಲಿನ ಪಿನ್ನು ಸವೆದು ಅದರ ತೂತು ಅಂಡಾಕಾರಕ್ಕೆ ತಿರುಗಿದೆಯೇ ಎಂದು ನೋಡಿದರು. ಸ್ವಲ್ಪವಿತ್ತು, ಅಷ್ಟು ದೊಡ್ಡದಲ್ಲ. ಆಮೇಲೆ ಎಂಜಿನ್ನನ್ನು ನಿಲ್ಲಿಸಿ, ಮುಂದಿನ ಟೈರಿನ ಮೇಲೆ ಕುಳಿತು, ಬೀಡಿಯನ್ನು ಕಿವಿಯ ಮೇಲಿಟ್ಟುಕೊಂಡು, ಕ್ರ್ಯಾಂಕಿನ ಪುಲ್ಲಿಯ ಮೇಲೆ ದೃಷ್ಟಿ ನೆಟ್ಟು, “ಒತ್ತು ಮರಿ” ಎಂದರು. ನಾನು ಒತ್ತಿದೆ. “ಬಿಡು. ಒತ್ತು. ವಕೀಲರೇ, ಬಂದು ನೋಡಿ.” ತಂದೆಯವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ನಾನು ಒತ್ತಿದಾಗಲೆಲ್ಲ, ಎಂದೂ ಹಿಂದುಮುಂದಾಗಬಾರದ ಆ ಪುಲ್ಲಿ ಕಣ್ಣಿಗೆ ಕಾಣುವಂತೆ ರೇಡಿಯೇಟರಿನ ಕಡೆಗೆ ಸರಿಯುತ್ತಿತ್ತು.

ಕ್ಲಚ್ಚನ್ನು ಒತ್ತುವ ಬಲವೆಲ್ಲ ಕೊನೆಗೆ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ನೂಕುತ್ತದೆ. ಅದನ್ನು ತಡೆಯಲು ಹಿಂದಿನ ಮೇನ್ ಬೇರಿಂಗಿನ ಇಕ್ಕೆಲಗಳಲ್ಲಿ ಅರ್ಧಚಂದ್ರಾಕೃತಿಯ ಎರಡು ತೆಳುವಾದ ಥ್ರಸ್ಟ್ ವಾಷರುಗಳಿವೆ. ಶಾಫ್ಟಿಗೆ ಅಂಗುಲದ ನಾಲ್ಕಾರು ಸಾವಿರಾಂಶಗಳಷ್ಟು ಮಾತ್ರ ಓಲಾಟಕ್ಕೆ ಅವಕಾಶ. ವಾಷರು ಸವೆದಂತೆಲ್ಲ ಶಾಫ್ಟು, ಫ್ಲೈವೀಲು, ಕ್ಲಚ್ಚು ಎಲ್ಲವೂ ಒಟ್ಟಾಗಿ ಮುಂದೆ ಜರುಗಿ, ಪೆಡಲಿನ ಚಲನೆಯ ಒಂದಂಶ ವ್ಯರ್ಥವಾಗಿ, ಪ್ಲೇಟು ಪೂರ್ತಿಯಾಗಿ ಬಿಡಿಸಿಕೊಳ್ಳದು. ಇನ್ನೂ ಅಲಕ್ಷಿಸಿದರೆ ವಾಷರು ಕಳಚಿ ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಾದ ಸಂಪಿನೊಳಗೆ ಬಿದ್ದು, ಶಾಫ್ಟು ಎಂಜಿನ್ ಬ್ಲಾಕನ್ನೇ ತಿನ್ನತೊಡಗುತ್ತದೆ. ಆಮೇಲೆ ಬೇರೆ ಎಂಜಿನ್ನನ್ನು ಹುಡುಕುವುದೊಂದೇ ದಾರಿ. ಟ್ರಯಂಫ್ ವಂಶದ ಈ ಎಂಜಿನ್ನುಗಳಿಗೆ ಇದು ಆನುವಂಶಿಕ ದೌರ್ಬಲ್ಯ; ನಮ್ಮದು ಮಾತ್ರ ಇಷ್ಟು ಬೇಗ ಸವೆದದ್ದೇಕೆಂದು ತಿಳಿಯಲು ಮೇಸ್ತ್ರಿಗಳು ಕೊನೆಯದಾಗಿ ಒಂದು ಪ್ರಶ್ನೆ ಹಾಕಿದರು. “ರೈಲ್ವೆ ಗೇಟಿನಲ್ಲಿ ಏನು ಮಾಡುತ್ತೀರಿ?”

ನಮ್ಮ ತಂದೆಯವರು ರೈಲ್ವೆ ಗೇಟು ಹಾಕಿದ್ದಾಗ ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ನೆಲಕ್ಕೆ ಒತ್ತಿಹಿಡಿದು, ರೈಲು ಇನ್ನೂ ಹಿಂದಿನ ಸ್ಟೇಷನ್ನು ಬಿಟ್ಟಿರದಿದ್ದರೂ, ಗೇಟು ಇನ್ನೇನು ಏಳುವುದೆಂಬ ನಿರೀಕ್ಷೆಯಲ್ಲಿ ಕುಳಿತಿರುತ್ತಿದ್ದರು. ನಮ್ಮ ತಾಯಿ ಆ ಪ್ರಶ್ನೆ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂದೆಯವರು ತಮ್ಮ ವೃತ್ತಿಜೀವನದಲ್ಲೇ ಅಪರೂಪವಾಗಿ, ಪ್ರಶ್ನೆಗೆ ಉತ್ತರವಿಲ್ಲವೆಂದು ಒಪ್ಪಿಕೊಂಡರು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತುಸು ದಪ್ಪನೆಯ ವಾಷರುಗಳನ್ನು ತರಿಸಲಾಯಿತು. ಮೇಸ್ತ್ರಿಗಳು ಸಂಪನ್ನು ಕಳಚಿ, ಹಿಂದಿನ ಬೇರಿಂಗಿನ ಕ್ಯಾಪನ್ನು ಇಳಿಸಿ, ಸವೆದವುಗಳನ್ನು ಬೆರಳಿನಿಂದ ನವಿರಾಗಿ ತಳ್ಳಿ ಹೊರತೆಗೆದು, ಎಣ್ಣೆಯ ಗೀರುಗಳಿರುವ ಮುಖ ಶಾಫ್ಟಿನ ಕಡೆಗೆ ಬರುವಂತೆ ಹೊಸವನ್ನು ಕೂರಿಸಿದರು; ತಿರುವುಮುರುವಾಗಿ ಹಾಕಿದರೆ ಮಾಡಿದ ಕೆಲಸವೆಲ್ಲ ದಂಡವೆಂದು ನನಗೆ ತೋರಿಸಿಯೇ ಕೂರಿಸಿದರು. ಗೇರ್ ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಮೊದಲ ಗ್ಯಾರೇಜಿನವರು ಅಪರಾಧಿಯೆಂದು ಸಾರಿದ್ದ ಪ್ಲೇಟು ಅದಾದ ಮೇಲೂ ಬಹಳ ವರ್ಷ ನಮ್ಮನ್ನು ಘಾಟಿ ಹತ್ತಿಸಿತು.

ಈಗಿನ ಗಾಡಿಗಳಲ್ಲಿ ಬಾನೆಟ್ಟಿನೊಳಗೆ ಕೈ ತೂರುವುದೇ ಕಷ್ಟ. ಕೆಲವಕ್ಕಂತೂ ಕ್ಲಚ್ಚಿನ ಪೆಡಲೇ ಇಲ್ಲ. ಆದರೂ ಹೆರಾಲ್ಡನ್ನೋ ಅದರ ಒಡಹುಟ್ಟಿದ ಗಾಡಿಯನ್ನೋ ಶೆಡ್ಡಿನಲ್ಲಿ ಇನ್ನೂ ಕಾಪಾಡಿಕೊಂಡು ಬಂದಿರುವ ಮಹನೀಯರು ಅಲ್ಲಲ್ಲಿ ಇದ್ದಾರೆ. ಅವರಲ್ಲಿ ನನ್ನದೊಂದು ವಿಜ್ಞಾಪನೆ: ಗೇರ್ ಬಾಕ್ಸ್ ಇಳಿಸಲು ಸಮ್ಮತಿ ಕೊಡುವ ಮುನ್ನ ಎಣ್ಣೆಯ ಮಟ್ಟವನ್ನು ನೋಡಿರಿ, ಮನೆಯ ಹುಡುಗನೊಬ್ಬನಿಂದ ಪೆಡಲನ್ನು ಒತ್ತಿಸಿ ಪುಲ್ಲಿಯನ್ನು ನೋಡಿರಿ, ಮತ್ತು ರೈಲ್ವೆ ಗೇಟಿನಲ್ಲಿ ದಯಮಾಡಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಕಾಲನ್ನು ತೆಗೆಯಿರಿ.