ಬರೋಬರಿ

ಆರ್ಟಿಕಲ್‌ಶಿಪ್ ಸೇರಿದೆ ಎಂದಾಗ ನಮ್ಮ ಸೋದರತ್ತೆ, "ಯಾವ ಪೇಪರಿನ್ಯಾಗ ಬರೀತಿಯೋ?" ಎಂದು ಕೇಳಿದ್ದಳು. ಸಿ.ಎ. ಆಗಬೇಕಾದವನು ಆಡಿಟರೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು, ಅವರು ಕೊಡುವ ಸ್ಟೈಪೆಂಡ್ ಗಿರಮಿಟ್ಟು, ಮಿರ್ಚಿ, ಚಹಾದಲ್ಲಿ ಮುಗಿಯುತ್ತದೆ ಎಂದೆಲ್ಲ ತಿಳಿಸಿ ಹೇಳಿದೆ. ಕೇಳಿಸಿಕೊಂಡು ಆಕೆ ಅಂದದ್ದು ಇಷ್ಟೇ: "ಅದಕ್ಕಿಂತ ಹೊಲಾ ಮಾಡಬಹುದಿತ್ತಲ್ಲೋ."

ನಮ್ಮ ಆಫೀಸು ಹುಬ್ಬಳ್ಳಿಯಲ್ಲಿ ಒಂದು ಅರಿವೆ ಅಂಗಡಿಯ ಮೇಲಿನ ಎರಡು ಕೋಣೆ. ಜೊತೆಗೆ ಓದಿದವರು ಬೆಂಗಳೂರು, ಮುಂಬೈಯ ದೊಡ್ಡ ಫರ್ಮುಗಳಿಗೆ ಹೋಗಿ ಟೈ ಕಟ್ಟಿದರು. ಅವರಲ್ಲೊಬ್ಬ ಇಡೀ ಸೀಸನ್ನು ಒಂದೇ ಕಂಪನಿಯ ಯಂತ್ರಗಳ ಪಟ್ಟಿ ನೋಡುವುದರಲ್ಲೇ ಕಳೆದ. ನನ್ನ ಪಾಲಿಗೆ ಬಂದದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಇಡೀ ವರ್ಷ: ಗೋಣಿಚೀಲದ ತುಂಬ ಬಿಲ್ಲು, ಕೆಂಪು ಅರಿವೆಯ ರಟ್ಟಿನ ಕಿರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ), ಅವುಗಳ ಜೊತೆಗೆ ಅವನ್ನು ಬರೆಯುವ ಅಂಗಡಿಯ ದಿವಾಣಜಿ ಕಾಕಾ. ವೋಚರು ತಿರುವಿದರೆ ಖಾರದ ಘಾಟು. ಆಡಿಟರ ಹುಡುಗ ಬಂದಿದ್ದಾನೆಂದು ಪೇಟೆಗೆಲ್ಲ ಸೀನಿನಿಂದಲೇ ಗೊತ್ತಾಗುತ್ತಿತ್ತು.

ಮೊದಲ ಪೇಚು ಎಡಬಲದ್ದು. ನನ್ನ ಪಠ್ಯಪುಸ್ತಕದಲ್ಲಿ ಖಾತೆಯ ಎಡಕ್ಕೆ ಡೆಬಿಟ್ಟು, ಬಲಕ್ಕೆ ಕ್ರೆಡಿಟ್ಟು. ಕಾಕಾ ಬರೆದ ಖತಾವಣಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ನಾವೆ. ಇಂಗ್ಲಿಷ್ ಪದ್ಧತಿಗೆ ಸರಿ ಉಲ್ಟಾ. ಯಾವುದು ಸರಿ ಎಂದು ಕೇಳಿದ್ದಕ್ಕೆ ಕಾಕಾ, "ರೊಕ್ಕಕ್ಕ ಎಡಾ ಬಲಾ ಇಲ್ಲೋ ತಮ್ಮಾ, ಎರಡೂ ಕಡೆ ಕೂಡಿದರ ಸಾಕು" ಎಂದರು.

ಕೂಡಿದೆಯೇ ಎಂದು ನೋಡುವ ಕೆಲಸಕ್ಕೆ ನಮ್ಮಲ್ಲಿ ಕಾಲಿಂಗ್ ಎನ್ನುತ್ತಿದ್ದರು. ಒಬ್ಬರು ಕಿರ್ದಿ ಹಿಡಿದು ಓದುವುದು, ಇನ್ನೊಬ್ಬರು ಖತಾವಣಿಯಲ್ಲಿ ಹುಡುಕಿ ಟಿಕ್ ಹಾಕುವುದು. ಕಾಕಾ ರಾಗವಾಗಿ, "ಹಮಾಲಿ ಖರ್ಚು ಒಂದು ಸಾವಿರದ ಎರಡುನೂರಾ ನಲವತ್ತು" ಎನ್ನುವರು. ನಾನು ಹಸಿರು ಪೆನ್ಸಿಲ್ಲಿನಿಂದ ಗೀಚಿ, "ಬರೋಬರಿ" ಎನ್ನುವೆ. ಆ ಮಾತು ಬಾರದೆ ಅವರ ಬೆರಳು ಮುಂದಿನ ಸಾಲಿಗೆ ಇಳಿಯುತ್ತಿರಲಿಲ್ಲ.

ಈ ಪದ್ಧತಿ ಹೊಸದೇನಲ್ಲ. ಲೂಕಾ ಪಾಚೋಲಿ ಎಂಬ ಇಟಲಿಯ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಗಣಿತದ ದೊಡ್ಡ ಗ್ರಂಥವೊಂದನ್ನು ಅಚ್ಚು ಹಾಕಿಸಿದ. ಅಲ್ಲಿನ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದ ಜೋಡಿ ನಮೂದಿನ ಪದ್ಧತಿಯನ್ನು ಅದರಲ್ಲಿ ವಿವರಿಸಿದ್ದಾನೆ. ಲೆಕ್ಕ ತಾಳೆ ನೋಡುವಾಗ ಜೊತೆಗೊಬ್ಬನನ್ನು ಕೂರಿಸಿಕೋ, ಅವನು ಓದಲಿ, ನೀನು ಗುರುತು ಹಾಕುತ್ತ ಹೋಗು ಎಂಬ ಸಲಹೆಯೂ ಅಲ್ಲಿದೆ. ಐನೂರು ವರ್ಷದ ಮೇಲೆ ಬ್ಯಾಡಗಿಯಲ್ಲಿ ನಾವು ಮಾಡುತ್ತಿದ್ದದ್ದು ಅದನ್ನೇ, ಸೀನುಗಳನ್ನು ಸೇರಿಸಿ.

ಕೌಟಿಲ್ಯನದು ಇನ್ನೂ ಬಿಗಿ. ಆತನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಪ್ರಕಾರ ಲೆಕ್ಕದ ವರ್ಷಕ್ಕೆ 354 ದಿನ, ಮುಗಿಯುವುದು ಆಷಾಢದ ಹುಣ್ಣಿಮೆಗೆ. ಅಧಿಕಾರಿಗಳು ಮೊಹರು ಹಾಕಿದ ಪುಸ್ತಕಗಳೊಡನೆ ಬರಬೇಕು, ಬಂದವರು ತಮ್ಮತಮ್ಮಲ್ಲಿ ಮಾತಾಡಕೂಡದು. ಇವತ್ತಿಗೂ ಸಂಬಳದಾರರ ರಿಟರ್ನಿನ ಜುಲೈ 31ರ ಗಡುವು ಆಷಾಢದ ಆಸುಪಾಸಿನಲ್ಲೇ ಬರುತ್ತದೆ. ಆಷಾಢಕ್ಕೆ ಮದುವೆ ವರ್ಜ್ಯ, ಲೆಕ್ಕವಲ್ಲ.

ಆದರೆ ಮಾತಾಡಬೇಡಿ ಎಂದಿದ್ದರೆ ನಾನು ಕಲಿಯುತ್ತಿದ್ದದ್ದೇನು? ಗೋದಾಮಿನ ತೂಕಕ್ಕೂ ಪುಸ್ತಕದ ತೂಕಕ್ಕೂ ಹೊಂದದಾಗ ನಾನು ಕಳ್ಳತನವನ್ನು ಊಹಿಸುತ್ತಿದ್ದೆ. ಕಾಕಾ, "ಮಳೆಗಾಲದಾಗ ಕಾಯಿ ಹಸಿ ಹಿಡದು ತೂಕ ಏರತೈತಿ, ಬ್ಯಾಸಿಗ್ಯಾಗ ಇಳೀತೈತಿ. ಪುಸ್ತಕ ನೋಡೂ ಮೊದಲ ಕಾಯಿ ಮುಟ್ಟಿ ನೋಡು" ಎಂದರು. ಇನ್ನೊಮ್ಮೆ ತಾಳೆಪಟ್ಟಿಯಲ್ಲಿ 2,700 ರೂಪಾಯಿ ಕೂಡಲಿಲ್ಲ. "ಒಂಬತ್ತರಿಂದ ಭಾಗಿಸು." ಭಾಗಿಸಿದೆ, ಶೇಷವಿಲ್ಲದೆ 300 ಬಂತು. "ಹಂಗಾರ ಸಾವಿರದ ಅಂಕಿ, ನೂರರ ಅಂಕಿ ಅದಲುಬದಲ ಆಗ್ಯಾವ. ನಡುವ ಮೂರರ ಫರಕು." ಹುಡುಕಿದರೆ, ಮಾಲಕರ ಮಗ 3,600 ಎಂಬುದನ್ನು ಖಾತೆಗೆ ಏರಿಸುವಾಗ 6,300 ಮಾಡಿದ್ದ. ಆ ಸೂತ್ರ ಪುಸ್ತಕದಲ್ಲೂ ಇದ್ದೀತು. ತಲೆಯಲ್ಲಿ ಕೂತದ್ದು ಕಾಕಾ ಹೇಳಿದ ಮೇಲೆ.

ಆಗ ಟ್ಯಾಕ್ಸ್ ಆಡಿಟ್ಟಿಗೆ ಅಕ್ಟೋಬರ್ 31 ಕಡೇ ದಿನ. ದೀಪಾವಳಿಯೂ ಆಸುಪಾಸಿನಲ್ಲೇ. ಅಂಗಡಿಯಲ್ಲಿ ಲಕ್ಷ್ಮೀಪೂಜೆಗೆ ಹೊಸ ಕಿರ್ದಿಗೆ ಅರಿಸಿನ ಕುಂಕುಮ, ಪಕ್ಕದಲ್ಲೇ ಹಳೆಯದರ ಜೊತೆ ನಮ್ಮ ಕುಸ್ತಿ. ಹಿಂದೆ ಎಷ್ಟೋ ವ್ಯಾಪಾರಿಗಳ ಲೆಕ್ಕದ ವರ್ಷವೇ ದೀಪಾವಳಿಯಿಂದ ದೀಪಾವಳಿಗೆ. 1989-90ರ ಕರನಿರ್ಧಾರಣ ವರ್ಷದಿಂದ ಕಾಯಿದೆ ಎಲ್ಲರಿಗೂ ಮಾರ್ಚ್ 31 ಎಂದು ಗೊತ್ತುಮಾಡಿತು. ಲಕ್ಷ್ಮಿ ಮಾತ್ರ ತನ್ನ ತಿಥಿ ಬದಲಿಸಲಿಲ್ಲ.

ಕಾಗದದ ಕಿರ್ದಿಗೂ ಮುಂಚೆ ಕನ್ನಡ ನಾಡಿನ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಉದ್ದನೆಯ ಬಟ್ಟೆಗೆ ಇದ್ದಿಲ ಪುಡಿ ಕಲಸಿದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ, ಬೇಕಾದರೆ ಒರೆಸಿ ಮತ್ತೆ ಬರೆಯಲೂಬಹುದು. ಒರೆಸಬಹುದಾದ ಲೆಕ್ಕ! ಆಡಿಟರಿಗೆ ಇದಕ್ಕಿಂತ ಕೆಟ್ಟ ಕನಸಿಲ್ಲ.

ಗೋಯೆಂಕಾ ತಂದೆ ಮಗ 1986ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ನಮ್ಮ ಆಫೀಸಿಗೂ ಬಂತು. ಒಂದು ಬದಿ ಬರೆದು ಇನ್ನೊಂದು ಬಿಟ್ಟರೆ ಅದು ಒಪ್ಪುವುದಿಲ್ಲ. ಕೂಡಿಸುವ ಬೇನೆ ತಪ್ಪಿತು. 2023ರ ಏಪ್ರಿಲ್ 1ರಿಂದಂತೂ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್, ಯಾವ ನಮೂದು ಯಾವಾಗ ತಿದ್ದುಪಡಿಯಾಯಿತು ಎಂಬುದನ್ನು ದಾಖಲಿಸಲೇಬೇಕು. ಕಡತದ ಒರೆಸುವ ಸುಖ ಅಲ್ಲಿಗೆ ಮುಗಿಯಿತು. ಆದರೂ ಮಾಲಕರ ಮಗಳ ಮದುವೆಯ ಶಾಮಿಯಾನವನ್ನು ಗೋದಾಮಿನ ರಿಪೇರಿ ಎಂದು ಬರೆದರೆ ಯಂತ್ರ ತಣ್ಣಗೆ ನುಂಗಿಕೊಳ್ಳುತ್ತದೆ. ಅದನ್ನು ಹಿಡಿಯಲು ಮದುವೆಯ ಊಟ ಉಂಡವರೇ ಬೇಕು. ಸಣ್ಣ ಫರ್ಮಿನವರು ಸಾಮಾನ್ಯವಾಗಿ ಉಂಡಿರುತ್ತಾರೆ.

ಈಗ ಆರ್ಟಿಕಲ್‌ಶಿಪ್ ಎರಡೇ ವರ್ಷ. ಸಣ್ಣ ಫರ್ಮೋ ದೊಡ್ಡದೋ ಎಂದು ಹುಡುಗ ಹುಡುಗಿಯರು ಬಂದು ಕೇಳುತ್ತಾರೆ. ದೊಡ್ಡ ಹೆಸರು ಬಯೋಡೇಟಾಕ್ಕೆ ಒಳ್ಳೆಯದು, ಸುಳ್ಳಲ್ಲ. ಆದರೆ ಬರೆದವನೇ ನೋಡಿದ್ದು ಬರವಣಿಗೆ, ಇನ್ನೊಬ್ಬ ಬರೋಬರಿ ಎಂದ ಮೇಲೆಯೇ ಅದು ಲೆಕ್ಕ. ಆ ಇನ್ನೊಬ್ಬರಾಗುವುದನ್ನು ಕಲಿಯಲು ಒಂದೇ ಒಂದು ಅಂಗಡಿಯದಾದರೂ ಸರಿ, ಮೊದಲ ವೋಚರಿನಿಂದ ಅಢಾವೆ ಪತ್ರಿಕೆಯ ಸಹಿಯ ತನಕ ಪೂರ್ತಿ ನೋಡಿ. ಬರೆದವರ ಪಕ್ಕದಲ್ಲಿ ಕೂತು ನೋಡಿ. ಅವರು ಚಹಾ ತರಿಸಿದರೆ ಬೇಡ ಎನ್ನಬೇಡಿ. ಅರ್ಧ ಆಡಿಟ್ಟು ಆಗುವುದು ಆಗಲೇ.