ಬೇಸಗೆಯ ಮಗುವಿನ ವರ್ಧಂತಿ

ಬೇಸಗೆಯನ್ನು ದೂಷಿಸುವುದು ಲೋಕದ ರೂಢಿ. ಬಾವಿ ಬತ್ತುವುದು, ಮೈ ಬೆವರುವುದು, ರಾತ್ರಿ ನಿದ್ದೆ ಬಾರದಿರುವುದು, ಇವೆಲ್ಲವೂ ದಿಟವೇ. ಆದರೂ ಕಾಳಿದಾಸನು ತನ್ನ ‘ಋತುಸಂಹಾರ’ವನ್ನು ವಸಂತದಿಂದಲ್ಲ, ಗ್ರೀಷ್ಮದಿಂದ ಆರಂಭಿಸಿದ್ದಾನೆ, ‘ಶಾಕುಂತಲ’ದ ಪ್ರಸ್ತಾವನೆಯಲ್ಲಿ ಸೂತ್ರಧಾರನು ನಟಿಯಿಂದ ಹಾಡಿಸುವುದೂ ಗ್ರೀಷ್ಮವನ್ನು ಕುರಿತೇ. ಈ ವಿಷಯದಲ್ಲಿ ಕವಿಗೂ ಮಕ್ಕಳಿಗೂ ಒಮ್ಮತವುಂಟು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠಶಾಲೆಯಲ್ಲಿ ಕಾಲ ಕಳೆದ ನಾವು ಕಂಡಂತೆ, ಮಕ್ಕಳ ಮುಖವು ಅತ್ಯಂತ ಪ್ರಸನ್ನವಾಗಿರುವ ದಿನವೆಂದರೆ ಪರೀಕ್ಷೆ ಮುಗಿದು ಬೇಸಗೆಯ ರಜೆಗೆ ಗಂಟೆ ಬಾರಿಸುವ ದಿನವೇ.

ಆದರೆ ಈ ರಜೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಸಣ್ಣ ಅನ್ಯಾಯವಾಗುತ್ತದೆ. ದೊಡ್ಡವರು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಉಳಿದ ಮಕ್ಕಳು ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆಯುಟ್ಟು ಶಾಲೆಗೆ ಹೋಗಿ, ತರಗತಿಯಲ್ಲೆಲ್ಲ ಚಾಕೊಲೇಟು ಹಂಚಿ, ಗೆಳೆಯರ ಬಾಯಲ್ಲಿ ಹಾಡು ಕೇಳಿ ಬರುತ್ತಾರೆ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಹುಟ್ಟಿದ ಮಕ್ಕಳಿಗೆ ಆ ಸಡಗರವಿಲ್ಲ. ಗೆಳತಿಯರೆಲ್ಲರೂ ತಮ್ಮ ತಮ್ಮ ಅಜ್ಜಿಯ ಊರಿನಲ್ಲಿ. ಇಂಥ ಮಗುವಿಗೆ ಹುಟ್ಟುಹಬ್ಬವೆಂದರೆ ಮನೆಯವರು ಮಾಡಿದಷ್ಟೇ; ಮನೆಯವರು ಮರೆತರೆ ಅದಿಲ್ಲ.

ನಮ್ಮ ಮೊಮ್ಮಗಳು ಇಂಥವಳೇ. ಬೆಂಗಳೂರಿನಲ್ಲಿರುವ ನಮ್ಮ ಮಗನಿಗೆ ಅವಳು ಹುಟ್ಟಿದ್ದು 2020ರ ಏಪ್ರಿಲ್ 30ರಂದು, ವೈಶಾಖ ಶುದ್ಧ ಸಪ್ತಮಿಯ ದಿನ. ಆ ವರ್ಷ ಮಾರ್ಚ್ 25ರಿಂದ ಕೋವಿಡ್ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಿತ್ತೆಂಬುದು ವಾಚಕರಿಗೆ ನೆನಪಿರಬಹುದು. ನಮ್ಮ ಗೃಹಿಣಿಯು ಮೈಸೂರಿನಲ್ಲಿ ಅಂಟಿನುಂಡೆ ಕಟ್ಟಿಟ್ಟುಕೊಂಡು, ಕಾಡಿಗೆ ತೀಡಿಟ್ಟುಕೊಂಡು ಕುಳಿತಿದ್ದಳು. ಬೆಂಗಳೂರಿಗೆ ಹೋಗುವ ದಾರಿ ಇರಲಿಲ್ಲ. ಮೊಮ್ಮಗಳ ಮುಖವನ್ನು ಮೊದಲು ನೋಡಿದ್ದು ದೂರವಾಣಿಯ ಅಂಗೈಯಗಲದ ಗಾಜಿನಲ್ಲಿ. ನಿರ್ಬಂಧಗಳು ಸಡಿಲವಾಗಿ, ಮಗುವನ್ನು ಮಡಿಲಿಗೆ ತೆಗೆದುಕೊಂಡ ದಿನ ಆಕೆ ಒಂದು ಮಾತು ಆಡಿದಳು: “ಇನ್ನು ಮೇಲೆ ಪ್ರತಿವರ್ಷ ಇವಳಿಗೆ ನಾನೇ ಆರತಿ ಎತ್ತಬೇಕು.” ಐದು ವರ್ಷ ಆ ಮಾತನ್ನು ನಡೆಸಿದಳು. ಕಳೆದ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು.

ಹೀಗಾಗಿ ಈ ವೈಶಾಖದಲ್ಲಿ ಮಗುವಿಗೆ ಆರು ತುಂಬುವ ಹೊತ್ತಿಗೆ ಮನೆಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿಕೊಂಡವು. ನಮ್ಮ ಅಕ್ಕ ನಮಗಿಂತ ಎಂಟು ವರ್ಷಕ್ಕೆ ಹಿರಿಯಳು; ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮೊಡನೆಯೇ ಇರುವವಳು. ಆಕೆ, “ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ ಕಣೋ, ಯುಗಾದಿಯನ್ನೇ ಬಿಟ್ಟವರು ಹುಟ್ಟುಹಬ್ಬ ಮಾಡಿದರೆ ನಾಲ್ಕು ಜನ ಏನೆಂದಾರು?” ಎಂದಳು. ಮಗನು ಇದಕ್ಕೆ ನೇರ ವಿರುದ್ಧ. “ಮಗು ಅಜ್ಜಿಯನ್ನು ನೆನೆದು ರಾತ್ರಿ ಏಳುತ್ತಾಳೆ, ಅಪ್ಪ. ಒಂದು ದೊಡ್ಡ ಹಾಲ್ ಹಿಡಿದು, ಐವತ್ತು ಮಕ್ಕಳನ್ನು ಕರೆದು, ಗೊಂಬೆಯಾಟದವರನ್ನು ಗೊತ್ತುಮಾಡಿದರೆ ಅವಳ ಮನಸ್ಸು ಬೇರೆ ಕಡೆ ಹೋದೀತು” ಎಂದನು. ಸೊಸೆಯು ಎರಡರ ನಡುವೆ ನಿಂತು, “ಮಾವ, ನೀವೇ ಹೇಳಿ” ಎಂದಳು.

ನಮ್ಮ ಓದು ಬಹುಮಟ್ಟಿಗೆ ಹಳೆಯ ಪುಸ್ತಕಗಳದ್ದು. ಆದುದರಿಂದ ಅವುಗಳನ್ನೇ ಬಿಚ್ಚಿ ನೋಡಿದೆವು. ನಮ್ಮ ಸೀಮೆಯಲ್ಲಿ ಹುಟ್ಟುಹಬ್ಬಕ್ಕೆ ‘ವರ್ಧಂತಿ’ ಎಂಬ ಹೆಸರುಂಟು. ಆಷಾಢದಲ್ಲಿ ನಡೆಯುವ ಚಾಮುಂಡೇಶ್ವರಿಯ ವರ್ಧಂತಿಯನ್ನು ಅರಿಯದ ಮೈಸೂರಿನವರಿಲ್ಲ. ಶಬ್ದದ ಅರ್ಥವು ‘ಬೆಳೆಯುವಿಕೆ’ಗೆ ಸಂಬಂಧಪಟ್ಟದ್ದು. ಧರ್ಮಶಾಸ್ತ್ರದ ನಿಬಂಧಗಳು ಆ ದಿನಕ್ಕೆ ವಿಧಿಸುವುದು ಔತಣವನ್ನಲ್ಲ. ಮಾರ್ಕಂಡೇಯನನ್ನೂ, ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೆಂಬ ಏಳು ಚಿರಂಜೀವಿಗಳನ್ನೂ ಸ್ಮರಿಸಿ, ಎಳ್ಳು ಬೆಲ್ಲ ಬೆರೆಸಿದ ಅರ್ಧ ಬೊಗಸೆ ಹಾಲನ್ನು ಕುಡಿಯಬೇಕು, ಅಷ್ಟೇ. ಆ ದಿನ ಬಿಡತಕ್ಕವುಗಳ ಪಟ್ಟಿಯೂ ಉಂಟು: ಉಗುರು ಕೂದಲು ಕತ್ತರಿಸುವುದು, ದಾರಿ ನಡೆದು ಪ್ರಯಾಣ ಹೋಗುವುದು, ಹಿಂಸೆ, ಮತ್ತು ಕಲಹ. ಈ ಕೊನೆಯ ಶಬ್ದವನ್ನು ಓದಿದಾಗ ನಮಗೆ ನಗು ಬಂದಿತು. ಮಗುವಿನ ವರ್ಧಂತಿಯನ್ನು ಮಾಡಬೇಕೋ ಬೇಡವೋ ಎಂದು ಹಿರಿಯರು ನಡೆಸುತ್ತಿದ್ದ ಕಲಹವೇ ಅದಕ್ಕೆ ಮೊದಲನೆಯ ನಿಷಿದ್ಧವಾಗಿತ್ತು!

ಇದರಿಂದ ನಮಗೆ ತೋರಿದ್ದನ್ನು ಮೂವರಿಗೂ ಹೇಳಿದೆವು. ವರ್ಧಂತಿಯು ಉತ್ಸವವಲ್ಲ, ಈ ಜೀವವು ಇನ್ನಷ್ಟು ಕಾಲ ಬಾಳಲಿ ಎಂಬ ಬೇಡಿಕೆ. ಸಾವನ್ನು ಕಂಡ ಮನೆಯಲ್ಲಿ ಈ ಬೇಡಿಕೆಗೆ ಬೆಲೆ ಹೆಚ್ಚೇ ಹೊರತು ಕಡಮೆಯಲ್ಲ. ದುಃಖವು ನಮ್ಮದು, ಅದನ್ನು ನಾವು ಹೊರತಕ್ಕದ್ದು. ಹಾಲ್ ಹಿಡಿದು ಐವತ್ತು ಮಂದಿಯನ್ನು ಕರೆಯುವ ಬಯಕೆಯೂ ಒಂದು ಬಗೆಯಲ್ಲಿ ನಮ್ಮದೇ. ಮಗುವು ಅದನ್ನು ಕೇಳಿರಲಿಲ್ಲ. ಅವಳೇನು ಕೇಳಿದಳೆಂದು ಸೊಸೆಯನ್ನು ವಿಚಾರಿಸಿದರೆ, “ಅಜ್ಜಿ ಮನೇಲಿ ದೀಪ ಹಚ್ಚಬೇಕು, ಆಮೇಲೆ ಹೊಳೆ ನೋಡಬೇಕು” ಎಂದಿದ್ದಳಂತೆ.

ಎರಡನ್ನೂ ನಡೆಸುವುದಕ್ಕೆ ಪಂಚಾಂಗವೇ ನೆರವಾಯಿತು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಆದುದರಿಂದ ಜನ್ಮತಿಥಿಯು ತಾರೀಖಿಗಿಂತ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ತಿಥಿಯೂ ತಾರೀಖೂ ಹೆಚ್ಚುಕಡಮೆ ಒಂದೇ ಕಡೆ ಬಂದು ಕೂಡುವುದು ಹತ್ತೊಂಬತ್ತು ವರ್ಷಕ್ಕೊಮ್ಮೆ. ಈ ವರ್ಷ ಸಪ್ತಮಿಯು ತಾರೀಖಿಗಿಂತ ಒಂದು ವಾರ ಮೊದಲೇ ಬಂದಿತು. ನಮ್ಮ ದೇಶದ ಮಗುವಿಗೆ ವರ್ಷಕ್ಕೆ ಎರಡು ಹುಟ್ಟುಹಬ್ಬಗಳೆಂದು ಹೇಳಿದಾಗ ಮೊಮ್ಮಗಳ ಕಣ್ಣು ಅರಳಿದುದನ್ನು ಏನೆಂದು ವರ್ಣಿಸೋಣ! ತಿಥಿಯ ದಿನ ಮನೆಯಲ್ಲಿ ಹಾಲು ದೀಪ, ತಾರೀಖಿನ ದಿನ ಹೊಳೆ ಎಂದು ಗೊತ್ತಾಯಿತು. ಪ್ರಯಾಣದ ನಿಷೇಧಕ್ಕೂ ಭಂಗ ಬರಲಿಲ್ಲ.

ಸಪ್ತಮಿಯ ಬೆಳಗ್ಗೆ ಮಗುವಿಗೆ ಎಣ್ಣೆಯೊತ್ತಿ ನೀರೆರೆದು, ಮಣೆ ಹಾಕಿ ಕೂರಿಸಿದರು. ಮೂರು ವರ್ಷದ ಅವಳ ತಮ್ಮನೂ ತನಗೊಂದು ಮಣೆ ಬೇಕೆಂದು ಹಟ ಹಿಡಿದು ಪಕ್ಕದಲ್ಲಿ ಕುಳಿತನು. ಅತಿಥಿಗಳಿಲ್ಲ, ಹೋಳಿಗೆಯಿಲ್ಲ. ಎಳ್ಳು ಬೆಲ್ಲದ ಹಾಲು ಬೆಳ್ಳಿಯ ಬಟ್ಟಲಲ್ಲಿತ್ತು. ಆರತಿಯ ತಟ್ಟೆಗೆ ಇಬ್ಬರು ಬೇಕು. ಒಂದು ಕಡೆ ಸೊಸೆ ನಿಂತಳು. ಇನ್ನೊಂದು ಕಡೆ, ಐದು ವರ್ಷ ನಮ್ಮ ಗೃಹಿಣಿ ನಿಲ್ಲುತ್ತಿದ್ದ ಜಾಗ, ಬರಿದಾಗಿತ್ತು. ಎದುರುಮನೆಯ ಮುತ್ತೈದೆಯನ್ನು ಕರೆಯೋಣವೇ ಎಂದು ಮಗನು ಮೆಲ್ಲನೆ ಕೇಳುತ್ತಿರುವಷ್ಟರಲ್ಲೇ ಮಗುವು, “ದೊಡ್ಡಜ್ಜಿ ಎಲ್ಲಿ? ದೊಡ್ಡಜ್ಜಿ ಮಾಡಲಿ” ಎಂದಿತು.

ನಮ್ಮ ಅಕ್ಕ ಆಗ ಅಡಿಗೆಯ ಮನೆಯ ಬಾಗಿಲ ಹಿಂದೆ ಇದ್ದಳು. ಆರತಿಯ ವೇಳೆಗೆ ಆಕೆ ಅಲ್ಲಿಗೆ ಸರಿಯುವುದು ನಲವತ್ತು ವರ್ಷಗಳ ಅಭ್ಯಾಸ. ಯಾರೂ ಹೋಗು ಎಂದವರಿಲ್ಲ, ಯಾರೂ ಬಾ ಎಂದವರೂ ಇಲ್ಲ. “ನಾನು ಮಾಡಬಾರದಮ್ಮ” ಎಂದು ಒಳಗಿನಿಂದಲೇ ಹೇಳಿದಳು. “ಯಾಕೆ?” ಎಂದು ಮಗು ಕೇಳಿತು. ಆರು ವರ್ಷದ ಮಗುವಿಗೆ ಹೇಳಬಹುದಾದ ಉತ್ತರವೊಂದು ನಮ್ಮಲ್ಲಿ ಯಾರಲ್ಲಿಯೂ ಇರಲಿಲ್ಲ.

ನಾವು ಬಾಗಿಲ ಬಳಿಗೆ ಹೋಗಿ, “ಅಕ್ಕ, ಈ ದಿನ ಪೂಜೆಗೊಳ್ಳುವವರು ಚಿರಂಜೀವಿಗಳು. ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದವಳು ನೀನು. ಆಯುಸ್ಸನ್ನು ಬೇಡುವ ದಿನ ಆಯುಸ್ಸುಳ್ಳವರು ಹರಸದೆ ಇನ್ನಾರು ಹರಸಬೇಕು?” ಎಂದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಸೆರಗಿನಲ್ಲಿ ಕೈ ಒರಸಿಕೊಂಡು ಹೊರಗೆ ಬಂದಳು. ತಟ್ಟೆಯು ಆಕೆಯ ಕೈಯಲ್ಲಿ ಸ್ವಲ್ಪ ನಡುಗಿತು. ಸೊಸೆಯು ತನ್ನ ಕಡೆಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಹಾಡಿನ ಮೊದಲ ಸಾಲು ಆಕೆಗೆ ಮರೆತಿರಲಿಲ್ಲ. ಮಗು ಹಾಲು ಕುಡಿದು, ಮೀಸೆಯಷ್ಟು ಹಾಲನ್ನು ತುಟಿಯ ಮೇಲೆ ಉಳಿಸಿಕೊಂಡು, ಮೊದಲು ನಮಸ್ಕರಿಸಿದ್ದು ಅಕ್ಕನಿಗೆ.

ಇನ್ನು ತಾರೀಖಿನ ದಿನದ ಸಂಚಾರ. ಮಗನು ಹಾಕಿದ್ದ ಮೊದಲ ಯೋಜನೆಯಲ್ಲಿ ಮೃಗಾಲಯ, ಬೆಟ್ಟ, ಕನ್ನಂಬಾಡಿಯ ಬೃಂದಾವನ, ಶ್ರೀರಂಗಪಟ್ಟಣ, ರಂಗನತಿಟ್ಟು ಎಲ್ಲವೂ ಒಂದೇ ದಿನಕ್ಕೆ ಇದ್ದವು. ಪಾಠಶಾಲೆಯ ಪ್ರವಾಸಗಳಲ್ಲಿ ಮಕ್ಕಳನ್ನು ಎಣಿಸಿ ಎಣಿಸಿ ಹಣ್ಣಾದ ನಮಗೆ ಇದರ ಫಲ ಗೊತ್ತು: ಐದು ಸ್ಥಳ ನೋಡಿದ ಮಗು ಮನೆಗೆ ಬಂದು ಹೇಳುವುದು ಬಸ್ಸಿನಲ್ಲಿ ವಾಂತಿಯಾದ ಸಂಗತಿಯೊಂದನ್ನೇ. ಎಳೆಯ ಮಕ್ಕಳ ಸಂಚಾರಕ್ಕೆ ನಾವು ಪಾಲಿಸುವ ನಿಯಮಗಳು ಕೆಲವೇ. ದಿನಕ್ಕೆ ಒಂದೇ ಸ್ಥಳ. ಬೆಳಗ್ಗೆ ಹೊರಟು ಬಿಸಿಲು ನೆತ್ತಿಗೇರುವ ಮುನ್ನ ಹಿಂದಿರುಗುವುದು. ಮನೆಯಿಂದ ಕುಡಿಯುವ ನೀರು, ನಿಂಬೆಯ ಪಾನಕ, ಮೊಸರನ್ನ. ಹತ್ತಿಯ ಬಟ್ಟೆ, ತಲೆಗೊಂದು ಹೊದಿಕೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾವೂ ನಿಲ್ಲುವುದು.

ಹಾಗಾಗಿ ರಂಗನತಿಟ್ಟು ಒಂದೇ ಸಾಕೆಂದು ಗೊತ್ತುಮಾಡಿದೆವು. ಅಕ್ಕನನ್ನೂ ಬಲವಂತವಾಗಿ ಕೂರಿಸಿಕೊಂಡು ಹೊರಟೆವು. ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ ಕಾವೇರಿಯ ನಡುವೆ ಇರುವ ಈ ತಿಟ್ಟುಗಳು, 1645ರಿಂದ 1648ರವರೆಗೆ ಕಂಠೀರವ ನರಸರಾಜ ಒಡೆಯರು ಹೊಳೆಗೆ ಒಡ್ಡು ಕಟ್ಟಿಸಿದಾಗ ಉಂಟಾದವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಸೂಚನೆ ಕೊಟ್ಟ ಮೇಲೆ, 1940ರಲ್ಲಿ ಮೈಸೂರು ಸಂಸ್ಥಾನವು ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೂ ಸೇರಿತು. ಒಬ್ಬ ದೊರೆಯು ಗದ್ದೆಗೆ ನೀರು ಹರಿಸಲೆಂದು ಮಾಡಿದ ಕೆಲಸವು, ಮೂರು ನೂರು ವರ್ಷಗಳ ಮೇಲೆ ಹಕ್ಕಿಗಳ ಬಾಣಂತಿಕೋಣೆಯಾಯಿತು.

ದೋಣಿಯಲ್ಲಿ ಕುಳಿತಾಗ ಕಿರಿಯವನಿಗೆ ಹಕ್ಕಿಗಳ ಗೊಡವೆಯಿರಲಿಲ್ಲ. ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಹನಿಗಳನ್ನೇ ಕೊನೆಯವರೆಗೂ ನೋಡಿದನು. ನಾವು ತಡೆಯಲಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ಕಂಡು ಮೊಮ್ಮಗಳು ನಮ್ಮ ತೋಳನ್ನು ಹಿಡಿದಳು. ಮೈಯ ಬಿಸಿ ಇಳಿಸಿಕೊಳ್ಳುವುದಕ್ಕೆ ಅದು ಹಾಗೆ ಬಾಯಿ ತೆರೆದಿರುತ್ತದೆಂದು ಹೇಳಿದ ಮೇಲೆ ಹಿಡಿತ ಸಡಿಲವಾಯಿತು. ಹೆಜ್ಜಾರ್ಲೆಗಳಿದ್ದವು, ಚಮಚದಂಥ ಕೊಕ್ಕಿನ ಹಕ್ಕಿಗಳಿದ್ದವು. ಒಂದು ಮರದ ತುದಿಯಲ್ಲಿ ಬಣ್ಣದ ಕೊಕ್ಕರೆಯೊಂದು ಸೂರ್ಯನಿಗೆ ಬೆನ್ನು ಮಾಡಿ, ಎರಡು ರೆಕ್ಕೆಗಳನ್ನೂ ಅರ್ಧ ಬಿಚ್ಚಿಕೊಂಡು, ಅಲುಗಾಡದೆ ನಿಂತಿತ್ತು. ಅದರ ನೆರಳಿನಲ್ಲಿ ಮೂರು ಮರಿಗಳು.

“ತಾತ, ಆ ಹಕ್ಕಿಗೆ ಬಿಸಿಲು ಸುಡಲ್ವಾ?”

“ಸುಡುತ್ತದೆ, ಮಗು.”

“ಮತ್ತೆ ಯಾಕೆ ಅಲ್ಲೇ ನಿಂತಿದೆ?”

ನಾವು ಉತ್ತರವನ್ನು ಜೋಡಿಸಿಕೊಳ್ಳುತ್ತಿದ್ದೆವು; ಅಷ್ಟರಲ್ಲಿ ಅಕ್ಕನೇ, “ಮರಿಗೆ ನೆರಳು ಬೇಕಲ್ಲವೇ” ಎಂದಳು. ಮಗು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕುತ್ತಿಗೆಯಲ್ಲಿದ್ದ ತುಂಡುಬಟ್ಟೆಯನ್ನು ತೆಗೆದು, ಎದ್ದು ನಿಲ್ಲಲು ದೋಣಿಯವನು ಬಿಡದಿದ್ದುದರಿಂದ ಕುಳಿತೇ ಕೈ ಚಾಚಿ, ಅಕ್ಕನ ತಲೆಯ ಮೇಲೆ ಹಿಡಿದಳು. ದೋಣಿ ದಡ ಸೇರುವ ತನಕ ಹಾಗೆಯೇ ಹಿಡಿದಿದ್ದಳು.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇವೇ ಜಾತಿಯ ಹಕ್ಕಿಗಳು ಊರೊಳಗಿನ ಹುಣಸೆಯ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಆ ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಪಾಡುತ್ತಾರೆ. ನಮ್ಮ ಮನೆಗಳಿಗೆ ಬೇಸಗೆಯಲ್ಲಿ ಬರುವ ಎಳೆಯರೂ ಹೀಗೆಯೇ ಕೆಲವು ವಾರ ತಂಗಿ ಹಾರಿಹೋಗುವವರು. ಈ ಸಂಚಿಕೆಯನ್ನು ಓದುತ್ತಿರುವ ಮನೆಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹುಟ್ಟಿದ ಮಗುವಿದ್ದರೆ, ಹಿರಿಯರಿಗೆ ನಮ್ಮ ಬಿನ್ನಹವಿಷ್ಟೇ: ಮನೆಯಲ್ಲಿ ಸಂತೋಷವಿರಲಿ, ಸಂಕಟವಿರಲಿ, ಆ ಮಗುವಿನ ದಿನವನ್ನು ಮಗುವಿಗೇ ಬಿಡಿರಿ. ಒಂದು ದೀಪ, ಒಂದು ಬಟ್ಟಲು ಹಾಲು, ಒಂದು ಹೊಳೆ ಅಥವಾ ಕೆರೆ ಅಥವಾ ತೋಪು, ಇಷ್ಟು ಸಾಕು. ಮತ್ತು ಆರತಿಯ ವೇಳೆಗೆ ಅಡಿಗೆಯ ಮನೆಯ ಬಾಗಿಲ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ನೋಡಿರಿ. ಇದ್ದರೆ ಕರೆಯಿರಿ.