ಅಕ್ಕ ಕಲಿಸಿದ ಬೆಸುಗೆ

ಬೊಮ್ಮನಹಳ್ಳಿಯಿಂದ ಹೊಂಗಸಂದ್ರ ದಾಟಿ ಬೇಗೂರಿಗೆ ಬರುವ ದಾರಿಯಲ್ಲಿ ಬೇಕರಿಗಳನ್ನು ಬಿಟ್ಟರೆ ಹೆಚ್ಚು ಕಾಣುವುದು ಮೊಬೈಲ್ ರಿಪೇರಿ ಅಂಗಡಿಗಳು. ಅಲ್ಲಿ ಡಿಸ್‌ಪ್ಲೇ ಬದಲಾಯಿಸುತ್ತಾರೆ, ಬ್ಯಾಟರಿ ಬದಲಾಯಿಸುತ್ತಾರೆ, ಗಾಜು ಅಂಟಿಸಿಕೊಡುತ್ತಾರೆ. ಕೆಟ್ಟ ಭಾಗ ತೆಗೆದು ಅದೇ ಅಳತೆಯ ಇನ್ನೊಂದನ್ನು ಕೂರಿಸುವ ಕೆಲಸ ಅದು. ತೊಂದರೆ ಬೋರ್ಡಿನಲ್ಲೇ ಇದ್ದರೆ ಮಾತ್ರ ಮಾತು ಬದಲಾಗುತ್ತದೆ. "ಬೋರ್ಡ್ ಕೆಲಸ ಇದೆ, ಎಸ್.ಪಿ. ರೋಡಿಗೆ ಕಳಿಸ್ಬೇಕು" ಅನ್ನುತ್ತಾರೆ. ಇಲ್ಲದಿದ್ದರೆ, "ಹೊಸದು ತಗೊಂಬಿಡಿ."

ಅಮ್ಮನ ಫೋನಿಗೆ ಸಿಕ್ಕಿದ್ದು ಎರಡನೆಯ ಉತ್ತರ. ಗುಬ್ಬಿ ಕಡೆಯ ನಮ್ಮೂರಿನಲ್ಲಿ ಅಮ್ಮನಿಗೆ ಗ್ಯಾಸ್ ಬುಕ್ ಮಾಡಲು, ಬ್ಯಾಂಕಿನ ಓಟಿಪಿ ನೋಡಲು, ರಾತ್ರಿ ನನ್ನ ಜೊತೆ ಮಾತಾಡಲು ಇರುವುದು ಅದೊಂದೇ ಫೋನು. ಚಾರ್ಜಿಂಗ್ ಪಿನ್ ಸಡಿಲವಾಗಿ, ವೈರನ್ನು ಒಂದು ಕಡೆ ಒತ್ತಿ ಹಿಡಿದರಷ್ಟೇ ಚಾರ್ಜ್ ಆಗುತ್ತಿತ್ತು. ಈಚಿನ ಎಷ್ಟೋ ಫೋನುಗಳಲ್ಲಿ ಪಿನ್ನಿಗೆಂದೇ ಒಂದು ಪುಟ್ಟ ಬೋರ್ಡು ಬೇರೆ ಇರುತ್ತದೆ, ಅದನ್ನೇ ಬದಲಾಯಿಸಿಬಿಡಬಹುದು. ಇದರಲ್ಲಿ ಪಿನ್ನನ್ನು ಮುಖ್ಯ ಬೋರ್ಡಿಗೇ ಬೆಸೆದಿದ್ದರು. ಸಂಶೋಧನಾ ವಿದ್ಯಾರ್ಥಿಯ ಕೈಗೆ ಫೆಲೋಶಿಪ್ ಹಣ ಯಾವ ತಿಂಗಳು ಬರುತ್ತದೆ ಎಂಬುದು ಯಾರಿಗೂ ಗೊತ್ತಿರದ ಸಂಗತಿ. ಹೊಸ ಫೋನಿನ ಮಾತು ಅಲ್ಲಿಗೇ ನಿಂತಿತು.

ನಾನು ಬಾಡಿಗೆಗಿರುವ ಮನೆಯ ಕೆಳಗಿನ ಮನೆಯಲ್ಲಿ ಅಕ್ಕ ಒಬ್ಬರಿದ್ದಾರೆ. ನಲವತ್ತೈದು ದಾಟಿದ್ದಾರೆ. ಬೆಳಗ್ಗೆ ಒಂದು ಪಿಜಿಯಲ್ಲಿ ಅಡುಗೆ ಕೆಲಸ. ಅದಕ್ಕೆ ಮೊದಲು ಹನ್ನೊಂದು ವರ್ಷ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ 'ಟಚ್ ಅಪ್' ಟೇಬಲ್ಲಿನಲ್ಲಿ ಕೂತವರು. ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸುವುದು ಯಂತ್ರ. ಯಂತ್ರ ಬಿಟ್ಟಿದ್ದನ್ನು, ಓರೆಯಾಗಿಸಿದ್ದನ್ನು, ಎರಡು ಕಾಲು ಸೇರಿಸಿ ಅಂಟಿಸಿದ್ದನ್ನು ಹುಡುಕಿ ಸರಿಮಾಡುವುದು ಆ ಟೇಬಲ್ಲಿನ ಹೆಂಗಸರು. ಆ ಲೈನ್ ಮುಚ್ಚಿದ ಮೇಲೆ ಅಕ್ಕ ಮನೆಯಲ್ಲೇ ಒಂದು ಸೋಲ್ಡರಿಂಗ್ ಐರನ್, ಒಂದು ಹಳೇ ಬ್ಲೋಯರ್ ಇಟ್ಟುಕೊಂಡು ಅಕ್ಕಪಕ್ಕದವರ ಚಾರ್ಜರ್, ಇಯರ್‌ಫೋನ್, ರಿಮೋಟು ಸರಿಮಾಡಿಕೊಡುತ್ತಿದ್ದರು. ಅಮ್ಮನ ಫೋನನ್ನು ಬೆಳಕಿಗೆ ಹಿಡಿದು ನೋಡಿ, "ಮಾಡಬೋದು ಕಣಮ್ಮ. ಆದ್ರೆ ಚಾಳೀಸು ಬಂದ್ಬಿಟ್ಟಿದೆ, ಇಷ್ಟು ಸಣ್ಣದು ನಂಗೆ ಕಾಣ್ಸಲ್ಲ. ನಾನು ಹೇಳ್ತೀನಿ, ನೀನು ಮಾಡು" ಅಂದರು.

ನನ್ನ ಪಿಎಚ್.ಡಿ. ವಿಷಯ ವೃತ್ತಿಪದಗಳು. ಅಕ್ಕಸಾಲಿಗರು, ಕಲಾಯಿಯವರು, ಕಂಚುಗಾರರು ಬಳಸುವ ಮಾತುಗಳನ್ನು ಕಲೆಹಾಕುತ್ತಿದ್ದೇನೆ. ಎಲ್ಲ ಕಡೆ ನನ್ನ ಜಾಗ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂರುವುದು. ಐರನ್ ನನ್ನ ಕೈಗೇ ಬಂದಿದ್ದು ಇದೇ ಮೊದಲು.

ಮೊದಲ ಎರಡು ವಾರ ಅಕ್ಕ ಅಮ್ಮನ ಫೋನನ್ನು ಮುಟ್ಟಲು ಬಿಡಲಿಲ್ಲ. ಗುಜರಿಗೆ ಹೋಗಬೇಕಿದ್ದ ಒಂದು ಸೆಟ್‌ಟಾಪ್ ಬಾಕ್ಸಿನ ಬೋರ್ಡು ಕೊಟ್ಟರು. ಶುರುವಾದದ್ದು ಐರನ್ನಿನ ತುದಿಗೆ ಕಲಾಯಿ ಹಾಕುವುದರಿಂದ. ಬಿಸಿಯಾದ ತುದಿಗೆ ಗಾಳಿ ತಾಕಿ ಕಪ್ಪು ಕಟ್ಟುತ್ತದೆ. ಕಪ್ಪು ಕಟ್ಟಿದ ತುದಿಯಿಂದ ಬಿಸಿ ದಾಟುವುದಿಲ್ಲ. ಹಾಗಾಗಿ ಹಿತ್ತಾಳೆ ನಾರಿನಲ್ಲಿ ಒರೆಸಿ, ಮತ್ತೆ ಒಂದಿಷ್ಟು ಬೆಸುಗೆ ಮೆತ್ತಿ ಹೊಳಪಾಗಿ ಇಟ್ಟುಕೊಳ್ಳಬೇಕು. ಹಿತ್ತಾಳೆ ಪಾತ್ರೆಗೆ ತವರ ಬಳಿಯುವುದಕ್ಕೂ ಇದಕ್ಕೂ ಅಕ್ಕನಿಗೆ ವ್ಯತ್ಯಾಸವೇ ಇಲ್ಲ, ಎರಡೂ ಕಲಾಯಿಯೇ.

ಎರಡನೆಯ ಪಾಠ ಬಿಸಿ ಎಲ್ಲಿಗೆ ಕೊಡಬೇಕು ಎನ್ನುವುದು. "ಲೆಡ್ಡಿಗೆ ಬಿಸಿ ಕೊಡ್ಬೇಡ. ಕಾಲಿಗೆ ಕೊಡು, ಪ್ಯಾಡಿಗೆ ಕೊಡು. ಎರಡೂ ಕಾದ್ರೆ ಲೆಡ್ಡು ತಾನೇ ಕುಡ್ಕೊಳತ್ತೆ." ಬಿಡಿಭಾಗದ ಲೋಹದ ಅಂಚು 'ಕಾಲು'; ಅದು ಕೂರಬೇಕಾದ ಬೋರ್ಡಿನ ಚುಕ್ಕೆ 'ಪ್ಯಾಡು'. ಐರನ್ನಿನ ತುದಿಯಲ್ಲಿ ಕರಗಿಸಿದ ಬೆಸುಗೆಯನ್ನು ತಂದು ತಣ್ಣಗಿನ ಕಾಲಿನ ಮೇಲೆ ಇಟ್ಟರೆ ಅದು ಉಂಡೆಯಾಗಿ ಕೂರುತ್ತದೆ, ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಇದೇ 'ಡ್ರೈ ಸೋಲ್ಡರ್'. ಅಲ್ಲಾಡಿಸಿದರೆ ಒಮ್ಮೆ ಚಾರ್ಜ್ ಆಗಿ ಒಮ್ಮೆ ಆಗದ ಎಷ್ಟೋ ಫೋನುಗಳ ಕಾಯಿಲೆ ಇಂಥದ್ದೇ.

ಲೆಡ್ಡು ಎಂಬ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಎರಡು ಸಲ ಗೆರೆ ಎಳೆದು ಬರೆದುಕೊಂಡೆ. ಹಳೆಯ ಬೆಸುಗೆ ತಂತಿಯಲ್ಲಿ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ; ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸ ವಿಷವೆಂದು ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ಹೊಸ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಅದರ ಬಳಕೆಗೆ ಮಿತಿ ಹಾಕಿತು. ಅಲ್ಲಿಂದ ಫೋನುಗಳಲ್ಲಿ ತವರ, ಬೆಳ್ಳಿ, ತಾಮ್ರ ಬೆರೆತ ಬೆಸುಗೆ ಬಂತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಬೆಸುಗೆಯಿಂದ ಸೀಸ ಹೊರಟುಹೋದರೂ ಟೇಬಲ್ಲಿನವರ ಬಾಯಲ್ಲಿ ಅದಕ್ಕೆ ಲೆಡ್ಡು ಎಂದೇ ಹೆಸರು. ರಿಪೇರಿ ಮಾಡುವವರು ಈಗಲೂ ಹಳೇ ತಂತಿಯನ್ನು ಇಟ್ಟುಕೊಳ್ಳಲು ಕಾರಣವಿದೆ: ಫೋನಿನ ಗಟ್ಟಿ ಬೆಸುಗೆಗೆ ಅದನ್ನು ಒಂದಿಷ್ಟು ಬೆರೆಸಿದರೆ ಕಡಿಮೆ ಬಿಸಿಗೇ ಕರಗಿ, ಹಳೇ ಪಿನ್ನು ಪ್ಯಾಡನ್ನು ಕಿತ್ತುಕೊಳ್ಳದೆ ಮೇಲೆ ಬರುತ್ತದೆ. ಹಾಗಾಗಿ ಅಕ್ಕನ ಮನೆಯಲ್ಲಿ ಕೆಲಸದ ಹೊತ್ತಿಗೆ ಕಿಟಕಿ ತೆರೆದಿರಬೇಕು, ಫ್ಯಾನು ಹೊಗೆಯನ್ನು ಆಚೆ ತಳ್ಳಬೇಕು, ಕೈಯನ್ನು ಸೋಪಿನಲ್ಲಿ ತೊಳೆಯದೆ ಯಾರೂ ಕಾಫಿ ಲೋಟ ಮುಟ್ಟುವಂತಿಲ್ಲ.

ಇನ್ನೊಂದು ಪದ 'ಪೇಸ್ಟು'. ಲೋಹದ ಮೇಲಿನ ಕಿಲುಬನ್ನು ತಿಂದು ಬೆಸುಗೆ ಹರಿಯಲು ದಾರಿ ಮಾಡುವ ಅಂಟು. ಅಕ್ಕಸಾಲಿಗರಲ್ಲಿ ಈ ಕೆಲಸ ಬಿಳಿಗಾರದ್ದು, ಕಲಾಯಿಯವರಲ್ಲಿ ನವಸಾಗರದ್ದು. ಮೂರನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದುಕೊಂಡಿದ್ದೇನೆ. ಬಿಸಿ ಬೆಸುಗೆ ಪೇಸ್ಟ್ ತಾಕಿದೊಡನೆ ಉಂಡೆಯಾಗಿದ್ದದ್ದು ಚಪ್ಪಟೆಯಾಗಿ ಹರಿದು ಕಾಲನ್ನು ಅಪ್ಪಿಕೊಳ್ಳುವುದನ್ನು ಕಣ್ಣೆದುರು ನೋಡಿದ ಮೇಲೆ, ಬಿಳಿಗಾರ ಎಂಬ ಪದಕ್ಕೆ ಬರೆದ ಅರ್ಥಕ್ಕೆ ಇನ್ನೆರಡು ಸಾಲು ಸೇರಿಸಿದೆ.

ಆಮೇಲೆ 'ರಾಗಿ'. ಬೋರ್ಡಿನ ಮೇಲಿನ ಕಂದು ಬಣ್ಣದ ಪುಟ್ಟ ಕೆಪಾಸಿಟರ್‌ಗಳಿಗೆ ಅಕ್ಕನ ಟೇಬಲ್ಲಿನವರು ಇಟ್ಟ ಹೆಸರು ಅದು. 0402 ಎಂಬ ಅಳತೆಯದ್ದು 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. 0201 ಎಂಬುದು 0.6 ಮಿಲಿಮೀಟರ್ ಉದ್ದ, 0.3 ಅಗಲ, ನಿಜವಾದ ರಾಗಿಗಿಂತ ಸಣ್ಣದು. ಚಿಮಟದಲ್ಲಿ ಹಿಡಿದಾಗ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ಪ್ಯಾಡಿನ ಹತ್ತಿರಕ್ಕೆ ತಂದು ಬಿಟ್ಟರೆ ಸಾಕು. ಕರಗಿದ ಬೆಸುಗೆಯ ಸೆಳೆತವೇ ಅದನ್ನು ಎಳೆದು ನೇರವಾಗಿ ಕೂರಿಸುತ್ತದೆ. "ತಳ್ಬೇಡ, ಅದು ತಾನೇ ಕೂತ್ಕೊಳತ್ತೆ" ಎನ್ನುವುದು ಅಕ್ಕ ಹೆಚ್ಚು ಸಲ ಹೇಳಿದ ಮಾತು.

ಬೆಸುಗೆ ಸರಿಯಾಗಿದೆಯೇ ಎಂದು ನೋಡಲು ಟಾರ್ಚನ್ನು ಮೇಲಿನಿಂದ ಬಿಡಬಾರದು, ಪಕ್ಕದಿಂದ ಓರೆಯಾಗಿ ಬಿಡಬೇಕು. ಶಾಸನ ಓದುವವರೂ ಹೀಗೇ ಮಾಡುತ್ತಾರೆ. ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ, ಬೆಂಗಳೂರು ಎಂಬ ಹೆಸರಿರುವ 9ನೇ ಶತಮಾನದ ಕೊನೆಯ ಕಾಲದ ಶಾಸನವಿದೆ. ಸವೆದ ಕಲ್ಲಿನ ಅಕ್ಷರ ನೆತ್ತಿಯ ಬಿಸಿಲಿನಲ್ಲಿ ಮಾಯವಾಗಿ ಇಳಿಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಇದನ್ನು ಹೇಳಿದಾಗ ಅಕ್ಕ, "ನಮ್ಗೆ ಇದನ್ನ ಹೇಳ್ಕೊಟ್ಟಿದ್ದು ಲೈನಿನ ಸೂಪರ್‌ವೈಸರ್ ಅಲ್ಲ, ಪಕ್ಕದ ಸೀಟಿನವಳು" ಅಂದರು.

ಮೂರನೆಯ ವಾರ ಅಮ್ಮನ ಫೋನು ಬಿಚ್ಚಿದೆವು. ಪಿನ್ನಿನ ಸುತ್ತಲಿನ ಭಾಗಗಳಿಗೆ ಬಿಸಿ ತಡೆಯುವ ಹಳದಿ ಟೇಪು ಅಂಟಿಸಿದೆವು. ಪೇಸ್ಟ್ ಹಚ್ಚಿ, ಹಳೇ ತಂತಿಯ ಬೆಸುಗೆ ಬೆರೆಸಿ, ಬ್ಲೋಯರಿನ ಬಿಸಿಗಾಳಿ ಸುತ್ತಾಡಿಸಿದೆ. ಪಿನ್ನು ಕೊಂಚ ಅಲುಗಿದ ಮೇಲಷ್ಟೇ ಎತ್ತಲು ಅಕ್ಕ ಹೇಳಿದರು. ತಾಮ್ರದ ಹೆಣಿಗೆ ನಾರಿಗೆ ಹಳೇ ಬೆಸುಗೆ ಕುಡಿಸಿ ಪ್ಯಾಡುಗಳನ್ನು ಚೊಕ್ಕಟ ಮಾಡಿದೆ. ಹೊಸ ಪಿನ್ನಿನ ಹೊರಗಿನ ಒಂದು ದಪ್ಪ ಕಾಲನ್ನು ಮೊದಲು ಹಿಡಿಸಿ, ನೇರವಿದೆ ಎಂದು ಖಾತ್ರಿಯಾದ ಮೇಲೆ ಉಳಿದವು. ಒಳಗಿನ ಐದು ಸಣ್ಣ ಕಾಲುಗಳ ನಡುವಿನ ಅಂತರ 0.65 ಮಿಲಿಮೀಟರ್. ಒಂದು ತುದಿಯದು ಕರೆಂಟು ತರುತ್ತದೆ, ಇನ್ನೊಂದು ತುದಿಯದು ಅರ್ತು; ಅವೆರಡು ಒಂದಕ್ಕೊಂದು ತಾಕಿದರೆ ಶಾರ್ಟ್. ಅಕ್ಕ ಕಣ್ಣಿನಲ್ಲಿ ನೋಡಲಿಲ್ಲ. ಮಲ್ಟಿಮೀಟರಿನ ಕಡ್ಡಿಗಳನ್ನು ನನ್ನ ಕೈಯಲ್ಲಿ ಇಡಿಸಿ, ಬೀಪ್ ಬರಬೇಕಾದಲ್ಲಿ ಬಂತೇ, ಬರಬಾರದಲ್ಲಿ ಸುಮ್ಮನಿದೆಯೇ ಎಂದು ಕಿವಿಗೊಟ್ಟು ಕೇಳಿದರು. ಚಾರ್ಜರ್ ಸಿಕ್ಕಿಸಿದಾಗ ಪರದೆಯ ಮೇಲೆ ಬ್ಯಾಟರಿಯ ಗುರುತು ಮೂಡಿತು. ಊರಿನಲ್ಲಿ ಅಮ್ಮ ಈಗ ವೈರನ್ನು ಒತ್ತಿ ಹಿಡಿಯಬೇಕಾಗಿಲ್ಲ.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಅದರ ಬಗ್ಗೆ ಬರೆದದ್ದರಲ್ಲಿ ಸಾಫ್ಟ್‌ವೇರಿನ ಕತೆ ತುಂಬ ಇದೆ. ಬೆಸುಗೆ ಹಾಕಿದ ಕೈಗಳ ಕತೆ ಕಡಿಮೆ. 1948ರಲ್ಲಿ ಶುರುವಾದ ಐಟಿಐನಿಂದ ಹಿಡಿದು ಈ ಊರಿನಲ್ಲಿ ಟೆಲಿಫೋನು, ರೇಡಿಯೋ, ಕಂಪ್ಯೂಟರ್ ಜೋಡಿಸುವ ಟೇಬಲ್ಲುಗಳಲ್ಲಿ ಎಷ್ಟೋ ಹೆಂಗಸರು ಕೂತು ಹೋಗಿದ್ದಾರೆ. ಅವರು ಆಡುತ್ತಿದ್ದ 'ಕುಡೀತು', 'ಕಾಲು ಎದ್ದಿದೆ', 'ರಾಗಿ' ಮುಂತಾದ ಮಾತುಗಳು ನಾನು ನೋಡಿದ ಯಾವ ವೃತ್ತಿಪದಕೋಶದಲ್ಲೂ ಇಲ್ಲ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಬಿಡಿಭಾಗ, ಕೈಪಿಡಿ ಸಿಗಬೇಕೆಂಬುದು ಸರಿಯೇ. ಆದರೆ ಅವು ಸಿಕ್ಕರೂ ಪ್ಯಾಡು ಕೀಳದೆ ಪಿನ್ನು ಎತ್ತುವ ಕೈ ಬೇಕು. ಆ ಕೈ ಪಿಜಿಯೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದೆ.

ಈಗ ವಾರಕ್ಕೆ ಎರಡು ಸಂಜೆ ನಾವಿಬ್ಬರೂ ಕೂರುತ್ತೇವೆ. ಪಿನ್ನು, ಮೈಕು, ಪವರ್ ಬಟನ್ನು ಬರುತ್ತವೆ. ಬಂದ ದುಡ್ಡಿನಲ್ಲಿ ನನ್ನ ಪಾಲನ್ನು ನಾನು ತೆಗೆದುಕೊಳ್ಳುವುದಿಲ್ಲ. ಪದಗಳನ್ನು ತೆಗೆದುಕೊಳ್ಳುತ್ತೇನೆ, ಅದು ಸಾಲದ ಲೆಕ್ಕದಲ್ಲೇ ಇದೆ. ಬೇಗೂರಿನ ಒಂದು ಅಂಗಡಿಯವರು ಬೋರ್ಡ್ ಕೆಲಸ ಕೊಡುತ್ತೇವೆ, ಆದರೆ ಮಾಡುವವರು ಒಬ್ಬರೇ ಆಗಿರಬೇಕು, ದಿನವೂ ಕೂರಬೇಕು ಎಂದಿದ್ದಾರೆ. ಅದಕ್ಕಾಗಿ ಅಕ್ಕ ಚೀಟಿಯ ಹಣ ಕೂಡಿಡುತ್ತಿದ್ದಾರೆ. ಎಸ್.ಪಿ. ರೋಡಿನಲ್ಲಿ ಪರದೆಯಿರುವ ಮೈಕ್ರೋಸ್ಕೋಪು ಸಿಗುತ್ತದೆ. ಕೆಳಗಿಟ್ಟ ಬೋರ್ಡು ಎದುರಿನ ಪರದೆಯಲ್ಲಿ ಅಂಗೈಯಗಲ ಕಾಣುತ್ತದೆ, ಚಾಳೀಸಿನ ಕಾಟವಿಲ್ಲ. ಹೋದ ಭಾನುವಾರ ಹೋಗಿ ಒಂದನ್ನು ನೋಡಿ ಬಂದೆವು. ಅಂಗಡಿಯವರು ಒಂದು ಬೋರ್ಡನ್ನು ಇಟ್ಟು ತೋರಿಸಿದಾಗ ಅಕ್ಕ ಬೆಲೆ ಕೇಳುವುದನ್ನು ಬಿಟ್ಟು, ಮೂಲೆಯ ಒಂದು ರಾಗಿಯ ಕಡೆ ಬೆರಳು ತೋರಿಸಿ, "ಇದು ಡ್ರೈ ಇದೆ ನೋಡಿ" ಅಂದರು.